ಅಪ್ಪನ ಡಬ್ಬಿ ಬಚ್ಚಿಡು

ಉಪ್ಸಾಲಾ
ಸ್ವೀಡನ್
ಮಾರ್ಚ್ 9

ಅಮ್ಮಾ,

ನಮಸ್ಕಾರ. ಉಭಯ ಕುಶಲೋಪರಿ. ಅಕ್ಕ ಫೋಟೋ ತೆಗೆದು ಕಳಿಸಿದ ನಿನ್ನ ಪತ್ರ ಓದಿದೆ. ಎರಡು ಪುಟ ಅಡಿಕೆ ರೇಟು, ಕೊನೇ ಸಾಲಲ್ಲಿ ಅಪ್ಪನ ಕಾಲಿನ ಗಾಯ! ಮೂರು ವಾರದಿಂದ ಮಾಯ್ದಿಲ್ಲ ಅಂತ ಈಗ ಹೇಳ್ತೀಯಲ್ಲ? ಫೋನಲ್ಲಿ ಕೇಳಿದರೆ ಅಪ್ಪ 'ಏನಿಲ್ಲ' ಅಂತ ಇಟ್ಟುಬಿಡ್ತಾರೆ. ಅದಕ್ಕೇ ಬರೆಯುತ್ತಿದ್ದೇನೆ.

ಮೊನ್ನೆ ಊರಿಗೆ ಬರುವ ಮುಂಚಿನ ಲಸಿಕೆಗೆ ಹೋಗಿದ್ದೆ. ಹುಟ್ಟಿದೂರಿಗೆ ಹೋಗೋಕೂ ಟೈಫಾಯ್ಡ್ ಸೂಜಿ! ನನಗೆ ನಗು ಬಂತು, ನರ್ಸ್ ನಗಲಿಲ್ಲ. ನಿಮ್ಮಂಥವರೇ, 'ನಮ್ಮೂರು ತಾನೇ' ಅಂತ ಸೂಜಿ ತಪ್ಪಿಸಿಕೊಂಡು ಕಾಯಿಲೆ ಬೀಳೋದು ಅಂದಳು.

ಇಲ್ಲಿಯವರದೇನು ಕಮ್ಮಿಯಾ! ವರ್ಷಕ್ಕೆ 25 ದಿನ ರಜೆ ಕಾನೂನೇ ಕೊಡುತ್ತದೆ. ಚಳಿಗಾಲ ಬಂತೆಂದರೆ ಥಾಯ್ಲೆಂಡಿಗೆ ಓಟ. 2004ರ ಸುನಾಮಿಯಲ್ಲಿ 543 ಸ್ವೀಡನ್ನವರು ತೀರಿಕೊಂಡರು, ಆದರೂ ಬಿಟ್ಟಿಲ್ಲ. ಹೊರಡೋ ಮುಂಚೆ ಕಾಲರಾ ಲಸಿಕೆಯನ್ನು ಶರಬತ್ತಿನ ಹಾಗೆ ಕದಡಿ ಕುಡಿಯುತ್ತಾರೆ, ಅಲ್ಲಿ ಹೋಗಿ ಹೆಲ್ಮೆಟ್ ಇಲ್ಲದೆ ಬಾಡಿಗೆ ಸ್ಕೂಟರಿಂದ ಬೀಳುತ್ತಾರೆ. ನನ್ನ ಪಕ್ಕದ ಸೀಟಿನವನು ಮೊಣಕೈ ತರಚಿಕೊಂಡು, ಬಿಸಿಲಿಗೆ ಸುಟ್ಟು ಬೇಯಿಸಿದ ಸಿಗಡಿ ಥರ ವಾಪಸ್ ಬಂದಿದ್ದಾನೆ.

ಆದರೆ ನರ್ಸ್ ಹೇಳಿದ ಒಂದು ಲೆಕ್ಕ ಚುಚ್ಚಿತು. 2010ರಲ್ಲಿ ಇದೇ ಉಪ್ಸಾಲಾದ ಡಾಕ್ಟರುಗಳು ಪ್ರಕಟಿಸಿದ್ದಂತೆ. ಹೊರದೇಶ ಸುತ್ತಿ ಬಂದ 100 ಜನರಲ್ಲಿ 24 ಮಂದಿ, ಹೋಗುವಾಗ ಇಲ್ಲದ, ಎಷ್ಟೋ ಆಂಟಿಬಯಾಟಿಕ್ಕಿಗೆ ಜಗ್ಗದ ಬ್ಯಾಕ್ಟೀರಿಯಾವನ್ನು ಹೊಟ್ಟೆಯಲ್ಲಿ ತಂದಿದ್ದರು. ಇಂಡಿಯಾಕ್ಕೆ ಹೋದ 8 ಜನರಲ್ಲಿ 7 ಮಂದಿ! ನನಗೆ ಸಿಟ್ಟು ಬಂತು. ನಮ್ಮ ಬಾವಿ ನೀರು, ಬಿಸಿ ಗಂಜಿ ಅಂತ ವಾದ ಮಾಡಿ ಬಂದೆ.

ದಾರಿಯಲ್ಲಿ ಅಪ್ಪನ ತಗಡಿನ ಡಬ್ಬಿ ನೆನಪಾಯ್ತು. ರಬ್ಬರ್ ಬ್ಯಾಂಡ್ ಹಾಕಿದ ಅರ್ಧರ್ಧ ಆಂಟಿಬಯಾಟಿಕ್ ಸ್ಟ್ರಿಪ್ಪುಗಳು. ಭಾವನ ಹಲ್ಲುನೋವಿಗೆ ತಂದು ಉಳಿದದ್ದೂ ಅದರಲ್ಲೇ. ಅದರಿಂದ ಎರಡು ನುಂಗಿ, ಬರಿಗಾಲಲ್ಲೇ ತೋಟಕ್ಕೆ ಇಳಿದಿರುತ್ತಾರೆ, ಅಲ್ವಾ? ಹೀಗೆ ಬೇಕಾಬಿಟ್ಟಿ ನುಂಗಿದರೇ ಬ್ಯಾಕ್ಟೀರಿಯಾ ಮಾತ್ರೆಗೆ ಜಗ್ಗದ ಹಾಗಾಗೋದು, ಆ ಡಬ್ಬಿ ಬಚ್ಚಿಡು. ಅಪ್ಪನ ಸಕ್ಕರೆ ಕಾಯಿಲೆಗೆ ಕಾಲಿನ ನೋವೇ ಗೊತ್ತಾಗದೆ ಹೋಗಬಹುದು ಅಮ್ಮಾ. ನೋವಿಲ್ಲ ಅಂದರೆ ನಂಬಬೇಡ. ನಾಳೆಯೇ ಭಾವನ ಕಾರಲ್ಲಿ ಡಾಕ್ಟರ ಹತ್ತಿರ ಕರೆದುಕೊಂಡು ಹೋಗಿ. ಮಾತ್ರೆ ಬರೆದುಕೊಟ್ಟರೆ ಹೇಳಿದಷ್ಟು ದಿನ ಪೂರ್ತಿ ತಗೊಳ್ಳಲಿ. ದುಡ್ಡು ಹಾಕಿದ್ದೇನೆ.

ನಾನು ಆರಾಮಾಗಿದ್ದೇನೆ, ಚಳಿಯೂ ಇಲ್ಲ, ಊಟಕ್ಕೂ ತೊಂದರೆಯಿಲ್ಲ, ಕೆಮ್ಮು ಹೋಗೇಬಿಟ್ಟಿದೆ, ನನ್ನ ಚಿಂತೆ ಬೇಡವೇ ಬೇಡ. ಬಸ್ ಬಂತು. ಡಾಕ್ಟರು ಏನಂದರು ಅಂತ ಅಕ್ಕನ ಹತ್ತಿರ ಮೆಸೇಜ್ ಹಾಕಿಸು.

ನಿನ್ನ
ರಘು