ಶಿವಗಣಾರಾಧನೆಗೆ ಬೇಕಾದ ಹೆಸರು ಮದುವೆಗೆ ಯಾಕೆ ಬೇಡ?

ಸಂಪಾದಕರಿಗೆ ನಮಸ್ಕಾರ.

ಧರ್ಮದ ಹೆದರಿಕೆ ಇಲ್ಲದಿದ್ದರೆ ನೀತಿ ಉಳಿಯುವುದಿಲ್ಲ ಎಂದು ಒಬ್ಬರು, ಧರ್ಮದಿಂದಲೇ ಸಮಾಜ ಕೆಟ್ಟಿದ್ದು ಎಂದು ಇನ್ನೊಬ್ಬರು ನಿಮ್ಮ ವಾಚಕರ ಅಂಕಣದಲ್ಲಿ ಕೆಲವು ವಾರಗಳಿಂದ ಜಗ್ಗಾಡುತ್ತಿದ್ದಾರೆ. ಇಬ್ಬರೂ ಓದಿಕೊಂಡವರು ಅಂತ ಕಾಣುತ್ತದೆ. ನನ್ನದು ಎಸ್ಸೆಸ್ಸೆಲ್ಸಿ, ಅದೂ ಎರಡನೇ ಸಲಕ್ಕೆ ಪಾಸು. ಆದರೆ 34 ವರ್ಷದಿಂದ ದಾವಣಗೆರೆಯ ಹಳೇಪೇಟೆಯಲ್ಲಿ ಲಗ್ನಪತ್ರಿಕೆ ಅಚ್ಚು ಹಾಕುತ್ತಿದ್ದೇನೆ. ಮೊದಲು ಅಚ್ಚಿನ ಮೊಳೆ ಜೋಡಿಸಿ ಟ್ರೆಡಲ್ ಯಂತ್ರ ತುಳಿದೆ, ಆಮೇಲೆ ಆಫ್‌ಸೆಟ್ ಬಂತು, ಈಗ ಕಂಪ್ಯೂಟರಿನಲ್ಲಿ ‘ನುಡಿ’ ತಂತ್ರಾಂಶ. ಆಷಾಢದಲ್ಲಿ ನೊಣ ಹೊಡೆಯುತ್ತೇವೆ, ವೈಶಾಖದಲ್ಲಿ ಊಟಕ್ಕೆ ಬಿಡುವಿರುವುದಿಲ್ಲ. ಜನರ ದೇವರು ಅವರಿಂದ ಏನೇನು ಮಾಡಿಸುತ್ತಾನೆ ಅಂತ ತಿಳಿಯಬೇಕಾದರೆ ಅವರು ಪ್ರೂಫ್ ತಿದ್ದುವಾಗ ಪಕ್ಕದಲ್ಲಿ ಕೂರಬೇಕು. ಆ ಧೈರ್ಯದ ಮೇಲೆ ಈ ಪತ್ರ.

ಮೊದಲು ಒಳ್ಳೆಯದು ಹೇಳಿಬಿಡುತ್ತೇನೆ. 2003ರ ಬರಗಾಲದಲ್ಲಿ ಚಳ್ಳಕೆರೆ ಕಡೆಯ ಶೇಂಗಾ ಬೆಳೆಗಾರರೊಬ್ಬರು ಮಗಳ ಪತ್ರಿಕೆ ಹಾಕಿಸಿಕೊಂಡು 1,800 ರೂಪಾಯಿ ಬಾಕಿ ಉಳಿಸಿ ಹೋದರು. ಹೊಲದಲ್ಲಿ ಬೀಜ ಸಹ ವಾಪಸ್ ಬಂದಿರಲಿಲ್ಲ, ನಾನೂ ಆ ದುಡ್ಡಿಗೆ ಎಳ್ಳುನೀರು ಬಿಟ್ಟಿದ್ದೆ. ಮಾರನೇ ವರ್ಷ ನಾಯಕನಹಟ್ಟಿ ತೇರಿಗೆ ನಾಲ್ಕು ದಿನ ಇರುವಾಗ ಮನುಷ್ಯ ಬಂದು ನಿಂತ. ಟವೆಲಿನ ಗಂಟು ಬಿಚ್ಚಿ ಹತ್ತು, ಇಪ್ಪತ್ತರ ನೋಟುಗಳನ್ನು ಎಣಿಸಿ ಇಟ್ಟ. ‘ಸಾಲ ಇಟ್ಕಂಡು ಅಜ್ಜನ ತೇರಿನ ಮುಂದೆ ನಿಲ್ಲಕ್ಕಾಗಲ್ಲ ಸ್ವಾಮಿ’ ಅಂದ. ಅಜ್ಜ ಅಂದರೆ ತಿಪ್ಪೇರುದ್ರಸ್ವಾಮಿ, ‘ಮಾಡಿದಷ್ಟು ನೀಡು ಭಿಕ್ಷೆ’ ಎಂದವರು, ಆ ಬೆಂಗಾಡಿನಲ್ಲಿ ಐದು ಕೆರೆ ಕಟ್ಟಿಸಿದರು ಅಂತ ಜನ ಇವತ್ತಿಗೂ ನೆನೆಯುವವರು. ನನ್ನ ಬಾಕಿ ವಸೂಲಿ ಮಾಡಿಕೊಟ್ಟಿದ್ದು ಯಾವ ಕೋರ್ಟೂ ಅಲ್ಲ, ಆ ಅಜ್ಜ. ಹಾಗಾಗಿ ಧರ್ಮ ಅಂದರೆ ಬರೀ ಮೋಸ ಅನ್ನುವವರ ಮಾತು ನನಗೆ ಗಂಟಲಲ್ಲಿ ಇಳಿಯುವುದಿಲ್ಲ.

ಹಾಗಂತ ನಮ್ಮ ಕೌಂಟರಿನಲ್ಲಿ ನಡೆಯುವುದೆಲ್ಲ ಧರ್ಮವೂ ಅಲ್ಲ. ನಾವು ಲಿಂಗಾಯತರು, ನಮ್ಮ ಗಿರಾಕಿಗಳಲ್ಲಿ ಅರ್ಧಕ್ಕಿಂತ ಹೆಚ್ಚು ಮಂದಿಯೂ ಅವರೇ. ‘ನಮ್ಮವರು ಕೇಳಿದರೆ ಶುಭಲಗ್ನ ಅಂತಲೇ ಹೇಳಿ, ತಾರಾಬಲ ಚಂದ್ರಬಲ ಇದೆ ಅಂತಲೇ ಹೇಳಿ, ನಾಳೆಗಿಂತ ಇವತ್ತೇ ಒಳ್ಳೆಯ ದಿನ ಎನ್ನಿ’ ಎಂಬ ಅರ್ಥದ ಬಸವಣ್ಣನವರ ವಚನ ಒಂದಿದೆಯಲ್ಲ, ಅದನ್ನು ಪತ್ರಿಕೆಯ ನೆತ್ತಿಯ ಮೇಲೆ ಬಂಗಾರದ ಬಣ್ಣದಲ್ಲಿ ಹಾಕಿಸುತ್ತಾರೆ. ಅದರ ಕೆಳಗೆ ನಾಲ್ಕು ಬೆರಳು ಬಿಟ್ಟು ‘ಅಭಿಜಿನ್ ಲಗ್ನದಲ್ಲಿ’ ಅಂತ ಗಂಟೆ ನಿಮಿಷ ಸಮೇತ ಮುಹೂರ್ತ. ಒಮ್ಮೆ ಒಬ್ಬ ಹಿರಿಯರಿಗೆ ತೋರಿಸಿದೆ. ‘ಅದು ವಚನ, ಇದು ಪದ್ಧತಿ, ನೀನು ಅಚ್ಚು ಹಾಕಪ್ಪ’ ಅಂದರು. ಹಾಕಿದೆ.

ಇದು ನಗುವ ವಿಷಯ, ಯಾರಿಗೂ ನೋವಿಲ್ಲ. ನೋವಿರುವ ವಿಷಯ ಬೇರೆ ಇದೆ.

ಮನೆಯಲ್ಲಿ ಒಬ್ಬ ಗಂಡಸು ತೀರಿಕೊಂಡರೆ ಮೂರು ನಾಲ್ಕು ದಿನಕ್ಕೆ ನಮ್ಮಲ್ಲಿಗೆ ಶಿವಗಣಾರಾಧನೆ ಪತ್ರಿಕೆಗೆ ಬರುತ್ತಾರೆ. ಮೇಲೆ ಫೋಟೊ, ಕೆಳಗೆ ‘ದುಃಖತಪ್ತರು’. ಅಲ್ಲಿ ಮೊದಲ ಹೆಸರು ಯಾವಾಗಲೂ ಹೆಂಡತಿಯದು, ಧರ್ಮಪತ್ನಿ ಶ್ರೀಮತಿ ಇಂಥವರು. ಆಮೇಲೆ ಮಕ್ಕಳು, ಸೊಸೆಯಂದಿರು, ಅಣ್ಣತಮ್ಮಂದಿರು. ಎರಡು ಮೂರು ವರ್ಷ ಬಿಟ್ಟು ಅದೇ ಮನೆಯವರು ಮಗಳ ಲಗ್ನಪತ್ರಿಕೆಗೆ ಬರುತ್ತಾರೆ. ಹುಡುಗಿ ‘ಲಿಂ. (ಲಿಂಗೈಕ್ಯ) ಇಂಥವರ ಸುಪುತ್ರಿ’. ಆಹ್ವಾನಿಸುವವರು ಚಿಕ್ಕಪ್ಪ ಚಿಕ್ಕಮ್ಮ, ಇಲ್ಲವೇ ಸೋದರಮಾವ ಅತ್ತೆ. ತೀರಿಕೊಂಡವರ ಹೆಸರು ಪತ್ರಿಕೆಯಲ್ಲಿ ಇರುತ್ತದೆ. ಹೆತ್ತು, ಹೊಲಿಗೆ ಹಾಕಿಯೋ ರೊಟ್ಟಿ ಬಡಿದೋ ಸಾಕಿದವಳ ಹೆಸರು ಹುಡುಕಿದರೂ ಸಿಗುವುದಿಲ್ಲ. ದುಃಖದ ಪತ್ರಿಕೆಗೆ ಮೊದಲನೆಯವಳು, ಸಂತೋಷದ ಪತ್ರಿಕೆಗೆ ಬೇಡ.

ಎಲ್ಲರೂ ಹೀಗೆ ಅನ್ನುವುದಿಲ್ಲ, ಇತ್ತೀಚೆಗೆ ಕಡಿಮೆಯಾಗಿದೆ. ಕೇಳಿದರೆ ಸಿಗುವ ಉತ್ತರ ಮಾತ್ರ ಹಳೆಯದೇ: ‘ಶುಭಕಾರ್ಯ ನೋಡ್ರಿ, ಸುಮ್ನೆ ಯಾಕೆ.’ ಈ ‘ಸುಮ್ನೆ ಯಾಕೆ’ ಅನ್ನುವುದು ಯಾವ ಧರ್ಮಗ್ರಂಥದಲ್ಲಿದೆಯೋ ನಾನರಿಯೆ. ಹುಟ್ಟು, ಸಾವು, ಮುಟ್ಟು, ಎಂಜಲು, ಜಾತಿ, ಈ ಐದು ಸೂತಕವೂ ಲಿಂಗ ಕಟ್ಟಿದವರಿಗಿಲ್ಲ ಎಂದು ನಮಗೆ ಚಿಕ್ಕಂದಿನಲ್ಲೇ ಹೇಳಿಕೊಟ್ಟಿದ್ದಾರೆ. ಐದನ್ನೂ ಕಿತ್ತು ಹಾಕಿದವರ ಮನೆಯಲ್ಲಿ ಆರನೆಯದೊಂದು ಹಿಂಬಾಗಿಲಿಂದ ಬಂದು ಕೂತಿದೆ, ಅದಕ್ಕೆ ಹೆಸರು ಕೂಡ ಇಟ್ಟಿಲ್ಲ.

ಉಪದೇಶ ಮಾಡುವ ಯೋಗ್ಯತೆ ನನಗಿಲ್ಲ ಎಂಬುದನ್ನೂ ಬರೆಯಬೇಕು. 2006ರಲ್ಲಿ ನನ್ನ ತಂಗಿಯ ಗಂಡ ತೀರಿಕೊಂಡ. ಇಬ್ಬರು ಮಕ್ಕಳು. ಗಂಡುಹುಡುಗ ಮಠವೊಂದರ ಉಚಿತ ಪ್ರಸಾದ ನಿಲಯದಲ್ಲಿ ಇದ್ದು ಓದಿದ, ಆ ಉಪಕಾರವನ್ನು ನಾವು ಮರೆಯುವುದಿಲ್ಲ. ಹುಡುಗಿಯ ಮದುವೆ 2009ರಲ್ಲಿ. ಪತ್ರಿಕೆ ಅಚ್ಚಾಗಿದ್ದು ನನ್ನ ಪ್ರೆಸ್ಸಿನಲ್ಲೇ, ಅಕ್ಷರ ಕೂರಿಸಿದ್ದು ನಾನೇ. ಆಹ್ವಾನಿಸುವವರು ಎಂಬಲ್ಲಿ ನನ್ನ ಹೆಸರು, ನನ್ನ ಹೆಂಡತಿಯ ಹೆಸರು. ತಂಗಿಯೇ ಹೇಳಿದ್ದಳು, ‘ನಂದು ಬ್ಯಾಡ ಬಿಡಣ್ಣ, ಹುಡುಗಿಗೆ ಒಳ್ಳೇದಾಗ್ಲಿ’ ಅಂತ. ಅವಳೇ ಬೇಡ ಅಂದಳಲ್ಲ ಅಂತ ನಾನು ಹಗುರಾದೆ. ಅದು ಅವಳ ಬಾಯಿಂದ ಬಂದ ಮಾತಷ್ಟೇ, ಅದನ್ನು ಅವಳ ಬಾಯಿಗೆ ಇಟ್ಟವರಲ್ಲಿ ನಾನೂ ಒಬ್ಬ ಅಂತ ಆಗ ಹೊಳೆಯಲಿಲ್ಲ.

ಧಾರೆಗೆ ದಂಪತಿ ಬೇಕು ಅಂದರು, ನಾನೂ ಹೆಂಡತಿಯೂ ಕೂತೆವು. ತಂಗಿ ಕಲ್ಯಾಣ ಮಂಟಪದ ಉಗ್ರಾಣದಲ್ಲಿದ್ದಳು. ಬೀಗದ ಕೈ ಸೆರಗಿನ ತುದಿಗೆ ಕಟ್ಟಿಕೊಂಡು ಅಡುಗೆಯವರಿಗೆ ತೆಂಗಿನಕಾಯಿ, ಬೆಲ್ಲ ಲೆಕ್ಕ ಹಾಕಿ ಕೊಡುತ್ತಿದ್ದಳು. ಗಟ್ಟಿಮೇಳ ಬಾರಿಸಿದರು, ಅಕ್ಷತೆ ಬಿತ್ತು, ಎಲ್ಲ ಆಯಿತು. ಅರ್ಧ ಗಂಟೆ ಬಿಟ್ಟು ಯಾವುದಕ್ಕೋ ಉಗ್ರಾಣದ ಕಡೆ ಹೋದೆ. ಬಾಗಿಲ ಪಕ್ಕ ನಿಂತಿದ್ದಳು, ಬಲಗೈ ಮುಷ್ಟಿ ಬಿಗಿದಿತ್ತು. ಏನದು ಅಂದೆ. ಬಿಚ್ಚಿದಳು. ಯಾರೋ ಹುಡುಗ ಎಲ್ಲರಿಗೂ ಹಂಚುತ್ತಾ ಬಂದವನು ಇವಳಿಗೂ ಅಕ್ಷತೆ ಕೊಟ್ಟು ಹೋಗಿದ್ದಾನೆ. ಹಾಕಲೂ ಇಲ್ಲ, ಕೆಳಗೆ ಚೆಲ್ಲಲೂ ಮನಸ್ಸಾಗಿಲ್ಲ. ಬೆವರಿಗೆ ಅರಿಶಿನ ಬಿಟ್ಟುಕೊಂಡು ಅಂಗೈಯೆಲ್ಲ ಹಳದಿ, ಅಕ್ಕಿಕಾಳು ಅಂಟಿಕೊಂಡಿದ್ದವು. ‘ಬಾ, ಈಗ ಹಾಕು’ ಅನ್ನಲು ನನಗೆ ಬಾಯಿ ಬರಲಿಲ್ಲ. ಅವಳು ಪಕ್ಕದ ಅಕ್ಕಿ ಚೀಲದೊಳಗೆ ಕೈ ಕೊಡವಿ, ಅಡುಗೆಯವನಿಗೆ ತುಪ್ಪದ ಡಬ್ಬ ತೆಗೆದುಕೊಟ್ಟಳು.

ನಮ್ಮ ಅಜ್ಜಿಯ ಕಾಲದಲ್ಲಿ ನಮ್ಮ ಕಡೆ ಗಂಡ ಸತ್ತ ಹೆಣ್ಣುಮಕ್ಕಳಿಗೆ ಸೀರುಡಿಕೆ ಅಂತ ಮರುಮದುವೆ ಮಾಡುತ್ತಿದ್ದರು. ಸರ್ಕಾರ 1856ರಲ್ಲಿ ವಿಧವಾ ವಿವಾಹಕ್ಕೆ ಕಾಯ್ದೆ ತಂದಿದ್ದು ಆ ಮುದುಕಿಗೆ ಗೊತ್ತಿರಲಿಲ್ಲ, ಗೊತ್ತಿರಬೇಕಾದ ಅಗತ್ಯವೂ ಇರಲಿಲ್ಲ. ಆದರೆ ಅದನ್ನೂ ರಾತ್ರಿ ಹೊತ್ತು, ಸದ್ದಿಲ್ಲದೆ, ಮುತ್ತೈದೆಯರು ಎದುರಿಗೆ ಬಾರದ ಹಾಗೆ ಮಾಡುತ್ತಿದ್ದರಂತೆ. ಮರುಮದುವೆಗೆ ದಾರಿ ಇತ್ತು, ಪತ್ರಿಕೆ ಇರಲಿಲ್ಲ. ಈಗ ಪತ್ರಿಕೆಗಳು ರೇಷ್ಮೆ ಬಟ್ಟೆಯ ಪೆಟ್ಟಿಗೆಯಲ್ಲಿ ಬರುತ್ತವೆ. ಸೀರುಡಿಕೆ ನಮ್ಮ ಮನೆತನಗಳಿಗೆ ‘ಕೀಳು’ ಅನಿಸಿ ನಿಂತುಹೋಗಿದೆ. ಸ್ಥಿತಿವಂತರಾದಂತೆಲ್ಲ ನಾವು ಬಿಟ್ಟಿದ್ದು ಒಳ್ಳೆಯದನ್ನೇ.

ಬೇರೆಯವರ ಮನೆಯ ವಿಷಯ ಹೆಚ್ಚು ಆಡುವುದಿಲ್ಲ. ಆಜಾದ್ ನಗರದಿಂದ ಬರುವ ನಿಕಾಹ್ ಪತ್ರಿಕೆಗಳಲ್ಲಿ ಕೆಲವೊಮ್ಮೆ ಹುಡುಗಿಯ ಹೆಸರೇ ಇರುವುದಿಲ್ಲ, ‘ದ್ವಿತೀಯ ಪುತ್ರಿ’ ಅಷ್ಟೇ. ನಮ್ಮಲ್ಲಿ ಹದಿನೆಂಟು ವರ್ಷದಿಂದ ಕೆಲಸ ಮಾಡುವ ಹುಡುಗ ಅದೇ ಕಡೆಯವನು. ತನ್ನ ತಂಗಿಯ ಪತ್ರಿಕೆಯಲ್ಲಿ ಅವಳ ಹೆಸರನ್ನು ಎರಡು ಪಾಯಿಂಟ್ ದೊಡ್ಡದಾಗಿಯೇ ಕೂರಿಸಿದ, ಯಾರನ್ನೂ ಕೇಳಲಿಲ್ಲ. ಅವನಿಗಿದ್ದ ಗುಂಡಿಗೆ ನನಗಿರಲಿಲ್ಲ.

ಒಂದು ಪತ್ರಿಕೆ ಮಾತ್ರ ನೆನಪಿನಿಂದ ಹೋಗುವುದಿಲ್ಲ. ಹುಡುಗ ಹುಡುಗಿ ಬೇರೆ ಬೇರೆ ಧರ್ಮ, 1954ರ ವಿಶೇಷ ವಿವಾಹ ಕಾಯ್ದೆಯಲ್ಲಿ ಆಗಬೇಕಿದ್ದ ಮದುವೆ. 30 ದಿನದ ನೋಟಿಸು ಕಚೇರಿಯ ಬೋರ್ಡಿಗೆ ಹಚ್ಚುತ್ತಾರಲ್ಲ, ಅದನ್ನು ಯಾರೋ ನೋಡಿ ಊರಿಗೆಲ್ಲ ಹೇಳಿ, ಬಂಧುಗಳು ಒಬ್ಬೊಬ್ಬರೇ ಹಿಂದೆ ಸರಿದಿದ್ದರು. ಮ್ಯಾಟರ್ ಬರೆದುಕೊಂಡು ಬಂದವರು ಹುಡುಗಿಯ ತಾಯಿ, ಹಣೆಯಲ್ಲಿ ವಿಭೂತಿ. ದೇವರ ಹೆಸರು ಮೇಲೆ ಯಾವುದು ಹಾಕಲಿ ಅಂದೆ. ‘ಯಾರದೂ ಬ್ಯಾಡ, ನಾನು ದಿನಾ ಲಿಂಗಪೂಜೆ ಮಾಡ್ತೀನಿ, ಅವನಿಗೆ ಗೊತ್ತೈತಿ’ ಅಂದರು. ಆಹ್ವಾನಿಸುವವರು ಎಂಬಲ್ಲಿ ಒಂದೇ ಹೆಸರು, ಆಕೆಯದು. ಗಂಡನಿಲ್ಲದ ಹೆಣ್ಣೊಬ್ಬಳ ಹೆಸರು ಒಂಟಿಯಾಗಿ ಆ ಜಾಗದಲ್ಲಿ ಕೂತಿದ್ದನ್ನು ಅಷ್ಟು ವರ್ಷದಲ್ಲಿ ನಾನು ಕಂಡಿದ್ದು ಅದೇ ಮೊದಲು. ಎಲ್ಲರೂ ಹೆಸರು ಹಿಂತೆಗೆದ ಮೇಲೆ ಆ ಜಾಗ ಆಕೆಗೆ ಸಿಕ್ಕಿತು.

ಆವತ್ತಿನಿಂದ ಪ್ರೆಸ್ಸಿನಲ್ಲಿ ಒಂದು ಪರಿಪಾಠ ಇಟ್ಟುಕೊಂಡಿದ್ದೇನೆ. ಮ್ಯಾಟರ್ ಬರೆಸುವಾಗ ತಾಯಿ ಇದ್ದಾರಾ ಅಂತ ಕೇಳುತ್ತೇನೆ. ಇದ್ದಾರೆ ಅಂದರೆ ಮೊದಲ ಪ್ರೂಫಿನಲ್ಲಿ ಅವರ ಹೆಸರು ಹಾಕಿಯೇ ಕೊಡುತ್ತೇನೆ, ಆಹ್ವಾನಿಸುವವರಲ್ಲಿ ಮೊದಲನೆಯದಾಗಿ. ಬೇಡವಾದರೆ ನೀವೇ ಹೊಡೆದುಕೊಡಿ ಅಂತ ಕೆಂಪು ಪೆನ್ನು ಕೈಗೆ ಕೊಡುತ್ತೇನೆ. ಹೊಡೆಯುವವರು ಹೊಡೆಯುತ್ತಾರೆ. ಪೆನ್ನು ಹಿಡಿದು ಸ್ವಲ್ಪ ಹೊತ್ತು ಕೂತು ಹಾಗೇ ವಾಪಸ್ ಕೊಡುವವರೂ ಇದ್ದಾರೆ. ಒಬ್ಬ ಗಿರಾಕಿ ‘ನಿನಗ್ಯಾಕೋ ಬೇಕಾಗಿತ್ತು’ ಅಂತ ಪಕ್ಕದ ಅಂಗಡಿಗೆ ಹೋದ, ಹೋಗಲಿ.

ನಮ್ಮ ದಾವಣಗೆರೆ, ಚಿತ್ರದುರ್ಗ ಎರಡೂ ಜಿಲ್ಲೆಗಳಲ್ಲಿ ಮಠಗಳಿಗೆ ಬರವಿಲ್ಲ. ಮೊದಲ ಪತ್ರಿಕೆಗೆ ನಾಲ್ಕೂ ಮೂಲೆಗೆ ಅರಿಶಿನ ಹಚ್ಚಿ ಮನೆದೇವರ ಮುಂದೆ ಇಟ್ಟು, ಎರಡನೆಯದನ್ನು ಸ್ವಾಮೀಜಿಗಳ ಪಾದಕ್ಕೆ ಒಯ್ಯುವವರೇ ಎಲ್ಲರೂ. ಪತ್ರಿಕೆಯ ಮೇಲ್ಭಾಗದಲ್ಲಿ ಅವರದೇ ಫೋಟೊ. ಸರ್ಕಾರ ಹೇಳಿದ್ದನ್ನು ಕೇಳದವರು ಗುರುಗಳು ಹೇಳಿದ್ದನ್ನು ಕೇಳುತ್ತಾರೆ, ಸಾಮೂಹಿಕ ವಿವಾಹಗಳಲ್ಲಿ ಅದನ್ನು ಕಣ್ಣಾರೆ ನೋಡಿದ್ದೇವೆ. ಪತ್ರಿಕೆ ಕೈಗೆ ತೆಗೆದುಕೊಂಡಾಗ ತಮ್ಮ ಫೋಟೊದಿಂದ ಕಣ್ಣು ಕೆಳಗಿಳಿಸಿ, ‘ತಾಯಿ ಹೆಸರೆಲ್ಲಪ್ಪ?’ ಅಂತ ಒಂದು ಮಾತು ಕೇಳಲಿ ಎಂಬುದಷ್ಟೇ ನನ್ನ ಬಿನ್ನಹ. ದೊಡ್ಡ ಸಭೆ, ಗೊತ್ತುವಳಿ ಏನೂ ಬೇಡ.

ತಂಗಿಯ ಮಗನ ಮದುವೆ ಈಗ ಗೊತ್ತಾಗಿದೆ, ಶ್ರಾವಣದಲ್ಲಿ. ಮೊನ್ನೆ ಫೋನಿನಲ್ಲಿ ಅವಳು ಮತ್ತೆ ಅದನ್ನೇ ಹೇಳಿದಳು, ‘ನಂದು ಹಾಕ್ಬ್ಯಾಡಣ್ಣ.’ ಹೂಂ ಅಂದೆ. ರಾತ್ರಿ ಹುಡುಗರನ್ನು ಮನೆಗೆ ಕಳಿಸಿ ನಾನೇ ಕೂತು ಮ್ಯಾಟರ್ ಹೊಡೆದೆ. ಆಹ್ವಾನಿಸುವವರು ಎಂಬುದರ ಕೆಳಗೆ ಅವಳ ಹೆಸರೊಂದೇ ಇದೆ. ಪ್ರೂಫ್ ಜೇಬಿನಲ್ಲಿದೆ, ಇನ್ನೂ ತೋರಿಸಿಲ್ಲ.

ಇತಿ,
ಒಬ್ಬ ಮುದ್ರಕ
ಹಳೇಪೇಟೆ, ದಾವಣಗೆರೆ