ತಾಯಿ ಕಾರ್ಡ್‌ನಲ್ಲಿ ಒಂದು ಸಾಲು ಬೇಕು

ಮಾನ್ಯರೇ,

ನನ್ನ ಮಗಳಿಗೆ ಅಡಿಸನ್ ಕಾಯಿಲೆ. ಕಿಡ್ನಿಯ ಮೇಲೆ ಟೋಪಿ ಇಟ್ಟ ಹಾಗೆ ಕೂತಿರುವ ಅಡ್ರಿನಲ್ ಗ್ರಂಥಿಗಳು ಕೆಟ್ಟು, ಕಾರ್ಟಿಸೋಲ್ ಎಂಬ ಹಾರ್ಮೋನ್ ದೇಹಕ್ಕೆ ಸಿಗದೆ ಹೋಗುತ್ತದೆ. ಮದುವೆಗೆ ಮುಂಚೆ ಎರಡು ವರ್ಷ ಸುಸ್ತು, ವಾಂತಿ. ಅಂಗೈ ಗೆರೆ, ವಸಡು ಕಪ್ಪಾಗಿದ್ದವು. ಉಪ್ಪಿನಕಾಯಿ ಜಾಡಿಯ ಉಪ್ಪುನೀರನ್ನು ಬೆರಳಲ್ಲಿ ನೆಕ್ಕುತ್ತಿದ್ದಳು. ಸುಮ್ನೆ ಬೈದಿದ್ದೆ. ದೇಹದ ಉಪ್ಪೆಲ್ಲ ಸೋರಿಹೋಗುತ್ತಿತ್ತು ಅಂತ ಆಮೇಲೆ ತಿಳಿಯಿತು.

ಈಗ ದಿನಾ ಹೈಡ್ರೋಕಾರ್ಟಿಸೋನ್ ಎಂಬ ಸ್ಟೀರಾಯ್ಡ್ ಮಾತ್ರೆ. ಬಸುರಿಯಾದಾಗ ‘ಮಗುವಿಗೆ ಆಗಲ್ಲ, ಮಾತ್ರೆ ಬಿಡಿಸಿ’ ಅಂದವರೇ ಜಾಸ್ತಿ. ಹಾರ್ಮೋನ್ ಡಾಕ್ಟರು ಕೂರಿಸಿಕೊಂಡು ಹೇಳಿದರು: ದೇಹವೇ ಮಾಡಿಕೊಳ್ಳಬೇಕಿದ್ದ ಹಾರ್ಮೋನನ್ನು ನಾವು ಮಾತ್ರೆಯಲ್ಲಿ ಕೊಡುತ್ತಿದ್ದೇವೆ. ಹೈಡ್ರೋಕಾರ್ಟಿಸೋನ್‌ನ ಬಹುಪಾಲನ್ನು ಮಾಸು ಮಗುವಿಗೆ ಮುಟ್ಟುವ ಮುಂಚೆಯೇ ನಿಷ್ಕ್ರಿಯ ಮಾಡುತ್ತದೆ. ನಿಲ್ಲಿಸಿದರೆ ತಾಯಿಯ ಜೀವಕ್ಕೇ ಅಪಾಯ. ಕೊನೆಯ ಮೂರು ತಿಂಗಳು ಡೋಸ್ ಸ್ವಲ್ಪ ಏರಿಸಿದರು.

ಹೆರಿಗೆ ನೋವು ಬಂದಾಗ ಉಳಿದವರ ದೇಹ ಕಾರ್ಟಿಸೋಲನ್ನು ತಾನಾಗೇ ಎಷ್ಟೋ ಪಟ್ಟು ಏರಿಸಿಕೊಳ್ಳುತ್ತದೆ. ಇವಳಿಗೆ ಸೂಜಿಯಲ್ಲೇ ಕೊಡಬೇಕು. ಆದರೆ ನೋವು ಶುರುವಾಗಿದ್ದು ರಾತ್ರಿ, ಹತ್ತಿರದ ಆಸ್ಪತ್ರೆಗೇ ಓಡಿದೆವು. ಮಾತ್ರೆ ನುಂಗಿದ ಹತ್ತೇ ನಿಮಿಷಕ್ಕೆ ವಾಂತಿ. ‘ಹೆರಿಗೇಲಿ ಇದೆಲ್ಲ ಇದ್ದದ್ದೇ ಅಮ್ಮ’ ಅಂದರು. ಬಿಪಿ 80ಕ್ಕೆ ಇಳಿಯಿತು. ಕೈ ತಣ್ಣಗಾಗಿತ್ತು, ಕರೆದರೆ ಓಗೊಡಲಿಲ್ಲ. ತಾಯಿ ಕಾರ್ಡಿನ ಹಿಂದೆ ಮಡಚಿಟ್ಟಿದ್ದ ಡಾಕ್ಟರ ಚೀಟಿ ಆಗ ನೆನಪಾಯಿತು. ‘ಹೈಡ್ರೋಕಾರ್ಟಿಸೋನ್ 100 ಮಿಲಿಗ್ರಾಂ, ನರಕ್ಕೆ, ತಕ್ಷಣ’ ಅಂತ ಅದರಲ್ಲಿತ್ತು. ಇಂಜೆಕ್ಷನ್, ಸಲೈನ್ ಎರಡೂ ಹೋದ ಮೇಲೆ ಕಣ್ಣು ಬಿಟ್ಟು ‘ಅಮ್ಮ, ನೀರು’ ಅಂದಳು. ಬೆಳಗಿನ ಜಾವ ಮೊಮ್ಮಗಳು ಹುಟ್ಟಿದಳು.

ಉಬ್ಬಸಕ್ಕೆ, ಅಲರ್ಜಿಗೆ ಅಂತ ಆ ಇಂಜೆಕ್ಷನ್ ಸಾಮಾನ್ಯವಾಗಿ ಆಸ್ಪತ್ರೆಗಳಲ್ಲಿ ಇದ್ದೇ ಇರುತ್ತದೆ. ಅವತ್ತೂ ಅದೇ ವಾರ್ಡಿನ ಟ್ರೇಯಲ್ಲಿ ಇತ್ತು. ಕಾರ್ಡ್‌ನಲ್ಲಿ ಎಲ್ಲೂ ಬರೆದಿರಲಿಲ್ಲ, ಅಷ್ಟೇ.

ಕೀಲುವಾತಕ್ಕೋ ಲೂಪಸ್‌ಗೋ ತಿಂಗಳುಗಟ್ಟಲೆ ಸ್ಟೀರಾಯ್ಡ್ ತಗೊಳ್ಳುವ ಬಸುರಿಯರಿಗೂ ಹೆರಿಗೆಯಲ್ಲಿ ಇದೇ ಇಂಜೆಕ್ಷನ್ ಬೇಕಾಗಬಹುದು. ಆರೋಗ್ಯ ಇಲಾಖೆಯವರು ದಯವಿಟ್ಟು ತಾಯಿ ಕಾರ್ಡಿನ ಮೊದಲ ಪುಟದಲ್ಲೇ ‘ಸ್ಟೀರಾಯ್ಡ್ ನಿಲ್ಲಿಸಬಾರದು, ಹೆರಿಗೆಯಲ್ಲಿ ಹೈಡ್ರೋಕಾರ್ಟಿಸೋನ್’ ಅಂತ ಕೆಂಪು ಶಾಯಿಯಲ್ಲಿ ಬರೆಯಲು ಜಾಗ ಕೊಡಲಿ. ಆಶಾ ಕಾರ್ಯಕರ್ತೆಯರೂ ಮೊದಲ ಭೇಟಿಯಲ್ಲೇ ‘ದಿನಾ ಯಾವ ಮಾತ್ರೆ ತಗೋತೀಯಮ್ಮ’ ಅಂತ ಕೇಳಿ ಬರೆಸಲಿ.

– ಒಬ್ಬ ತಾಯಿ, ತಿಪಟೂರು