ಒಳಮೈಯನ್ನು ಮೊದಲು ನೋಡು

ಮೈಸೂರು

ಚಿ. ರಘುವಿಗೆ ನಿನ್ನ ಸೋದರಮಾವ ಮಾಡುವ ಅನೇಕ ಆಶೀರ್ವಾದಗಳು.

ಇಲ್ಲಿ ನಾವೆಲ್ಲ ಕ್ಷೇಮ. ಹಳೆಯ ಆಯುಧಗಳ ಸಂರಕ್ಷಣೆ ಕಲಿಯಲು ನೀನು ಆಯ್ಕೆಯಾದೆ ಎಂದು ನಿನ್ನ ತಾಯಿ ಫೋನಿನಲ್ಲಿ ಹೇಳಿದಾಗ ಕಣ್ಣ ಮುಂದೆ ಬಂದದ್ದು ಆಸ್ಟ್ರಿಯಾದ ಗ್ರಾಜ್ ನಗರದ ಆಯುಧಾಗಾರ. ಎರಡು ವರ್ಷದ ಹಿಂದೆ ನೀನು ನನ್ನ ಕೈಹಿಡಿದು ಅದರ ಮೆಟ್ಟಿಲು ಹತ್ತಿಸಿದ್ದೆ. ತುರ್ಕರ ದಾಳಿಗೆ ಅಂಜಿ 1640ರ ದಶಕದಲ್ಲಿ ಕಟ್ಟಿದ ಆ ಮನೆಯಲ್ಲಿ ಇಂದಿಗೂ ಸುಮಾರು 32,000 ವಸ್ತುಗಳಿವೆ. ಮರದ ಕಟ್ಟುಗಳಲ್ಲಿ ಸಾಲಾಗಿ ನಿಂತಿದ್ದ ವೀಲ್‌ಲಾಕ್ ಕೋವಿಗಳನ್ನು, ಅಂದರೆ ಕೀಲಿ ಕೊಟ್ಟ ಚಕ್ರ ತಿರುಗಿ ಕಿಡಿ ಹಾರಿಸುವ ಕೋವಿಗಳನ್ನು, ಬಿಟ್ಟು ನನಗೆ ಹೊರಡುವ ಮನಸ್ಸೇ ಬರಲಿಲ್ಲ. ನಲವತ್ತು ವರ್ಷ ಗಡಿಯಾರ ಬಿಚ್ಚಿ ಜೋಡಿಸಿದವನಿಗೆ ಅದು ಅಪರಿಚಿತರ ಮನೆ ಎನಿಸಲಿಲ್ಲ.

ನಿನ್ನ ಕಳೆದ ಪತ್ರದ ತುಂಬ ಜಿಂಕೆಕೊಂಬಿನ ಕುಸುರಿ, ಮುತ್ತಿನ ಚಿಪ್ಪು, ಬೇಟೆಯ ಚಿತ್ರಗಳ ವರ್ಣನೆಯೇ ಇತ್ತು. ಅದು ತಪ್ಪಲ್ಲ. ಆದರೆ ರಘು, ಮೊದಲು ಒಳಮೈಯನ್ನು ನೋಡುವುದನ್ನು ರೂಢಿಸಿಕೋ. ಕೋವಿಯ ಪಕ್ಕದ ಉಕ್ಕಿನ ತಗಡಿನ ಹಿಂದೆ ಒಂದು ಬಲವಾದ ಸ್ಪ್ರಿಂಗ್ ಇರುತ್ತದೆ. ಮೂರು ನಾಲ್ಕು ಕೊಂಡಿಗಳ ಗಿಡ್ಡ ಸರಪಳಿಯೊಂದು ಅದನ್ನು ಚಕ್ರದ ಅಚ್ಚಿಗೆ ಬಿಗಿಯುತ್ತದೆ. ಅಚ್ಚಿನ ಚೌಕತುದಿಗೆ ಕೀಲಿ ಹಾಕಿ ಮುಕ್ಕಾಲು ಸುತ್ತು ತಿರುಗಿಸಿದರೆ ಸರಪಳಿ ಸುತ್ತಿಕೊಂಡು ಸ್ಪ್ರಿಂಗನ್ನು ಎಳೆಯುತ್ತದೆ. ಚಕ್ರದ ಒಳಮುಖದ ಕುಳಿಗೆ ಒಂದು ಮೊಳೆ ಕೂತು ಅದನ್ನು ಹಿಡಿದು ನಿಲ್ಲಿಸುತ್ತದೆ. ಟ್ರಿಗರ್ ಒತ್ತಿದರೆ ಮೊಳೆ ಹಿಂದೆ ಸರಿಯುತ್ತದೆ, ಚಕ್ರ ಗಿರ್ರನೆ ತಿರುಗುತ್ತದೆ, ಮದ್ದಿನ ಬಟ್ಟಲಿನ ಮುಚ್ಚಳ ತಾನಾಗಿಯೇ ಜಾರುತ್ತದೆ, ದವಡೆಯಲ್ಲಿ ಕಚ್ಚಿಸಿದ ಪೈರೈಟ್ ಎಂಬ ಖನಿಜದ ಕಲ್ಲು ಚಕ್ರದ ಗೀರುಗಳಿಗೆ ಉಜ್ಜಿ ಕಿಡಿ ಹಾರುತ್ತದೆ. ಇಷ್ಟೂ ಕಣ್ಣು ಮಿಟುಕಿಸುವಷ್ಟರಲ್ಲಿ. ಚಕಮಕಿ ಕಲ್ಲನ್ನೇ ಹಾಕಬಹುದಿತ್ತಲ್ಲ ಎಂದು ನೀನು ಅಂದು ಕೇಳಿದ್ದೆ. ಚಕಮಕಿ ಬಲು ಗಟ್ಟಿ, ಚಕ್ರವನ್ನೇ ತಿಂದುಹಾಕುತ್ತದೆ. ಪೈರೈಟ್ ಮೆದು, ತಾನು ಸವೆದು ಚಕ್ರವನ್ನು ಉಳಿಸುತ್ತದೆ.

ಮ್ಯೂನಿಕ್‌ನ ಪೀಟರ್ ಪೆಕ್ ನೆನಪಿರಲಿ. ಐದನೆಯ ಚಾರ್ಲ್ಸ್ ಚಕ್ರವರ್ತಿಗೆ 1540ರ ಸುಮಾರಿಗೆ ಎರಡು ನಳಿಕೆಯ, ಎರಡು ಲಾಕಿನ (ಕಿಡಿ ಹಾರಿಸುವ ಯಂತ್ರದ) ಪಿಸ್ತೂಲು ಮಾಡಿಕೊಟ್ಟವನು. ಅದು ಈಗ ನ್ಯೂಯಾರ್ಕಿನ ಮೆಟ್ರೊಪಾಲಿಟನ್ ಸಂಗ್ರಹಾಲಯದಲ್ಲಿದೆ. ಪೆಕ್ ಗಡಿಯಾರವನ್ನೂ ಮಾಡುತ್ತಿದ್ದ. ಇದು ಆಕಸ್ಮಿಕವಲ್ಲ ಎಂದು ನನ್ನ ದೃಢವಾದ ನಂಬಿಕೆ. ಸರಪಳಿಯ ಒಂದು ಕೊಂಡಿ ಕೂದಲೆಳೆಯಷ್ಟು ಹೆಚ್ಚು ಕಡಿಮೆಯಾದರೂ ಚಕ್ರ ಕೈಕೊಡುತ್ತದೆ. ಅಷ್ಟು ನಯವಾದ ಅರದ ಕೆಲಸವನ್ನು ಕುಲುಮೆಯ ದೊಡ್ಡ ಸುತ್ತಿಗೆಯಿಂದ ಮಾಡಲಾಗುವುದಿಲ್ಲ.

ವೀಲ್‌ಲಾಕಿಗೆ ಉರಿಯುವ ಬತ್ತಿ ಬೇಡ, ಮೊದಲೇ ಕೀಲಿ ಕೊಟ್ಟು ಸಿದ್ಧವಾಗಿಡಬಹುದು, ಅಂಗಿಯೊಳಗೆ ಅಡಗಿಸಬಹುದು. ಈ ಗುಣವೇ ದೊರೆಗಳಿಗೆ ನಡುಕ ಹುಟ್ಟಿಸಿ, 1517ರಲ್ಲಿಯೇ ಮ್ಯಾಕ್ಸಿಮಿಲಿಯನ್ ಚಕ್ರವರ್ತಿ ತನ್ನ ಆಸ್ಟ್ರಿಯಾ ಸೀಮೆಯಲ್ಲಿ ಇದನ್ನು ನಿಷೇಧಿಸಿದ. ಕುದುರೆ ಸವಾರರಿಗೂ ಸಿರಿವಂತ ಬೇಟೆಗಾರರಿಗೂ ಮಾತ್ರ ಎಟುಕುವಷ್ಟು ದುಬಾರಿ. ಕಾಲಾಳುಗಳ ಕೈಯಲ್ಲಿ ಬತ್ತಿಯ ಕೋವಿಯೇ ಉಳಿಯಿತು. ಮುಂದೆ ಅಗ್ಗದ ಚಕಮಕಿ ಕೋವಿ ಬಂದು ಇದನ್ನು ಬದಿಗೆ ಸರಿಸಿತು. ಜರ್ಮನಿಯ ಬೇಟೆಗಾರರು ಮಾತ್ರ ಇನ್ನೂ ಬಹುಕಾಲ ಇದನ್ನು ಬಿಡಲಿಲ್ಲ.

ಕೋವಿಯ ಜೊತೆಗಿನ ಸಣ್ಣ ಸಾಮಾನುಗಳನ್ನು ಕಡೆಗಣಿಸಬೇಡ. ಮದ್ದಿನ ಕೊಂಬು, ಬಟ್ಟಲಿಗೆ ಹಾಕುವ ನುಣುಪು ಮದ್ದಿನ ಪುಟ್ಟ ಬುರುಡೆ, ಗುಂಡಿನ ಅಚ್ಚು, ಕೀಲಿ. ಕೀಲಿಯ ಚೌಕತೂತಿನ ಮೂಲೆಗಳು ದುಂಡಾಗಿವೆಯೇ ಎಂದು ನೋಡು. ದುಂಡಾಗಿದ್ದರೆ ಅದು ಬರಿಯ ಅಲಂಕಾರಕ್ಕೆ ಸೊಂಟದಲ್ಲಿ ನೇತಾಡಿದ್ದಲ್ಲ. ಯಾರೋ ಚಳಿಗೆ ಮರಗಟ್ಟಿದ ಬೆರಳುಗಳಲ್ಲಿ ಅದನ್ನು ನೂರಾರು ಬಾರಿ ತಿರುಗಿಸಿದ್ದಾರೆ.

ಇನ್ನು ಎರಡು ಮಾತನ್ನು ಕಟ್ಟುನಿಟ್ಟಾಗಿ ಹೇಳುತ್ತೇನೆ. ಹಳೆಯ ಕೋವಿ ಕೈಗೆ ಬಂದೊಡನೆ ಒಳಗೆ ಮದ್ದು ಗುಂಡು ಉಳಿದಿದೆಯೇ ಎಂದು ಹಿರಿಯರ ಎದುರಿನಲ್ಲಿ ಪರೀಕ್ಷಿಸು. ಸಲಾಕೆಯನ್ನು ನಳಿಕೆಯೊಳಗೆ ಇಳಿಸಿ ಬಾಯಿಯ ಬಳಿ ಗುರುತು ಹಾಕಿ, ಹೊರಗೆ ತೆಗೆದು ನಳಿಕೆಯ ಉದ್ದಕ್ಕೆ ಹಿಡಿದು ನೋಡು. ಬಟ್ಟಲಿನಿಂದ ನಳಿಕೆಗೆ ಬೆಂಕಿ ಹೋಗುವ ಕಿಡಿತೂತಿನವರೆಗೆ ಮುಟ್ಟದಿದ್ದರೆ ಒಳಗೆ ಏನೋ ಇದೆ, ಕೈ ತೆಗೆದುಬಿಡು. ಎರಡನೆಯದು, ನೂರಾರು ವರ್ಷದ ಸ್ಪ್ರಿಂಗಿಗೆ ಕುತೂಹಲಕ್ಕಾಗಿ ಎಂದೂ ಕೀಲಿ ಕೊಡಬೇಡ. ಮುರಿದರೆ ಹೊಸದು ಸಿಕ್ಕೀತು, ಹಳೆಯ ಕೈಕೆಲಸ ಸಿಗುವುದಿಲ್ಲ.

ಉಜ್ಜಿ ಹೊಳಪಿಸುವ ಆಸೆಯೂ ಬೇಡ. ನಾನು ಕೆಲಸ ಕಲಿತ ಹೊಸತರಲ್ಲಿ ಒಬ್ಬರು ಅಜ್ಜನ ಜೇಬು ಗಡಿಯಾರ ತಂದುಕೊಟ್ಟಿದ್ದರು. ಮುಚ್ಚಳದ ಒಳಗೆ ಸೂಜಿಯಿಂದ ಗೀಚಿದ ಸಣ್ಣ ಅಕ್ಷರಗಳಿದ್ದವು. ಕೊಳೆಯೆಂದು ತಿಳಿದು ಕನ್ನಡಿಯಂತೆ ತಿಕ್ಕಿಕೊಟ್ಟೆ. ಹಿಂದೆ ರಿಪೇರಿ ಮಾಡಿದವರೆಲ್ಲ ಬರೆದಿಟ್ಟ ಗುರುತು, ತಾರೀಖುಗಳವು ಎಂದು ನನ್ನ ಗುರುಗಳು ಹೇಳಿದ ಮೇಲೆ ಆ ರಾತ್ರಿ ನನಗೆ ಅನ್ನ ಸೇರಲಿಲ್ಲ. ಲಾಕಿನ ತಗಡಿನ ಒಳಬದಿಯಲ್ಲಿ ಅರದ ಗೆರೆ, ಜೋಡಣೆಯ ಗೀಟುಗಳು ಕಂಡರೆ ಬಟ್ಟೆಯನ್ನು ಅಲ್ಲಿಗೆ ಒಯ್ಯುವ ಮುನ್ನ ಫೋಟೋ ತೆಗೆ, ಅಳತೆ ಬರೆದುಕೋ.

ಮುಂದಿನ ತಿಂಗಳು ನಿನ್ನ ತಾಯಿ ಅಲ್ಲಿಗೆ ಬರುವಾಗ ಗಡಿಯಾರದ ಕೆಲಸಕ್ಕೆ ಕಣ್ಣಿಗೆ ಇಟ್ಟುಕೊಳ್ಳುವ ನನ್ನ ಕಣ್ಣುಗಾಜನ್ನೂ ಸಣ್ಣ ಚಿಮ್ಮಟವನ್ನೂ ಕೊಟ್ಟು ಕಳುಹಿಸುತ್ತೇನೆ. ಕಣ್ಣುಗಾಜಿನ ಅಂಚು ಒಂದು ಕಡೆ ಸ್ವಲ್ಪ ಒಡೆದಿದೆ, ಆ ಭಾಗವನ್ನು ಮೂಗಿನ ಕಡೆಗೆ ಇಟ್ಟುಕೊಂಡರೆ ಚುಚ್ಚುವುದಿಲ್ಲ.

ಇಂತಿ ನಿನ್ನ ಶ್ರೇಯಸ್ಸನ್ನು ಬಯಸುವ,
ಮಾವ